ನರಿಯ ಬಾಲ, ಹುಲಿಯ ನಾಚಿಕೆ

ನರಿಯನ್ನು ಕುರ್ಚಿಯ ಮೇಲೆ ಕೂರಿಸುವುದು ಅಷ್ಟು ಸುಲಭದ ಕೆಲಸವಲ್ಲ. ಮೊದಲು ಕಾಲಿನ ತಕರಾರು ಬಗೆಹರಿಯಬೇಕು. ನಾಯಿ, ನರಿ, ಬೆಕ್ಕು, ಹುಲಿ ಎಲ್ಲವೂ ನಡೆಯುವುದು ಬೆರಳುಗಳ ಮೇಲೆ. ಅವುಗಳ ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಬಾಗಿದ ಒಂದು ಕೀಲು ಕಾಣುತ್ತದಲ್ಲ, ಅದನ್ನು ಬಹಳ ಜನ ಮಂಡಿ ಅಂದುಕೊಂಡಿರುತ್ತಾರೆ. ಅದು ಹಿಮ್ಮಡಿ. ಮಂಡಿ ಇರುವುದು ಇನ್ನೂ ಮೇಲೆ, ಹೊಟ್ಟೆಗೆ ಹತ್ತಿರ, ಚರ್ಮ ಮತ್ತು ತುಪ್ಪಳದ ಮರೆಯಲ್ಲಿ. ನರಿಯನ್ನು ಎರಡು ಕಾಲ ಮೇಲೆ ನಿಲ್ಲಿಸುವಾಗ ಆ ಹಿಮ್ಮಡಿಯನ್ನು ನೆಲಕ್ಕೆ ಇಳಿಸಬೇಕೋ, ಮೇಲೇ ಬಿಡಬೇಕೋ ಎಂದು ಪೆನ್ಸಿಲ್ ಹಿಡಿಯುವ ಮುಂಚೆಯೇ ತೀರ್ಮಾನಿಸಿರಬೇಕು. ಪೂರ್ತಿ ಇಳಿಸಿದರೆ ನರಿಯ ತಲೆ ಸಿಕ್ಕಿಸಿಕೊಂಡ ಗುಮಾಸ್ತನಾಗುತ್ತಾನೆ. ಮೇಲೇ ಬಿಟ್ಟರೆ ಸರ್ಕಸ್ಸಿನ ನಾಯಿಯಾಗುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ಕಥೆಯ ನರಿ ಇರುತ್ತದೆ. ಅದನ್ನು ಹುಡುಕುವುದರಲ್ಲೇ ನನ್ನ ಪ್ರಾಯದ ಒಂದು ಭಾಗ ಹೋಯಿತು ಎಂದರೂ ಸರಿಯೇ.

ಎಂಬತ್ತರ ದಶಕದ ಕೊನೆ. ಮೈಸೂರಿನಲ್ಲಿ ಚಿತ್ರಕಲೆ ಕಲಿತು ಬೆಂಗಳೂರಿಗೆ ಬಂದು ಒಂದು ಮಕ್ಕಳ ಮಾಸಿಕಕ್ಕೆ ಸೇರಿಕೊಂಡಿದ್ದೆ. ಅಚ್ಚುಮೊಳೆ ಹಿಂದೆ ಸರಿದು ಆಫ್‌ಸೆಟ್ ಬರುತ್ತಿದ್ದ ಕಾಲ. ಬಣ್ಣವೆಲ್ಲ ಮುಖಪುಟಕ್ಕೆ ಮೀಸಲು. ಒಳಗೆ ನ್ಯೂಸ್‌ಪ್ರಿಂಟು, ಕಪ್ಪು ಶಾಯಿ. ಅಚ್ಚಾಗುವ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆದು ಕೊಡುತ್ತಿದ್ದೆವು. ಅದನ್ನು ಕ್ಯಾಮೆರಾದಲ್ಲಿ ಕುಗ್ಗಿಸಿ ಫಿಲಂ ಮಾಡುವಾಗ ತೆಳ್ಳಗಿನ ಗೆರೆಗಳು ಮಾಯವಾಗುತ್ತಿದ್ದವು, ಒತ್ತೊತ್ತಾಗಿ ಎಳೆದ ಗೆರೆಗಳು ಕಲೆತು ಮಸಿಯಾಗುತ್ತಿದ್ದವು. ರೋಮ ರೋಮವನ್ನೂ ಬಿಡಿಸುವ ಚಪಲ ಅಲ್ಲಿ ನಡೆಯುತ್ತಿರಲಿಲ್ಲ. ನರಿಯ ತುಪ್ಪಳ ಎಂದರೆ ಕೆನ್ನೆಯ ಹತ್ತಿರ ನಾಲ್ಕು ಮುರುಕು ಗೆರೆ, ಬಾಲದ ತುದಿಯಲ್ಲಿ ಇನ್ನೊಂದಿಷ್ಟು. ಉಳಿದದ್ದನ್ನು ಓದುವ ಮಗುವೇ ತುಂಬಿಕೊಳ್ಳಬೇಕು. ಅದು ಬಡತನದಿಂದ ಬಂದ ಶಿಸ್ತು, ಆದರೆ ಒಳ್ಳೆಯ ಶಿಸ್ತು.

ನಮ್ಮ ಸಂಪಾದಕರಿಗೆ ಪಂಚತಂತ್ರವನ್ನು ಚಿತ್ರಗಳಲ್ಲಿ ತರಬೇಕೆಂಬ ಆಸೆ. ಕನ್ನಡಕ್ಕೆ ಅದು ಹೊಸ ಸರಕೇನಲ್ಲ. ದುರ್ಗಸಿಂಹ ಹನ್ನೊಂದನೇ ಶತಮಾನದಲ್ಲೇ ಚಂಪುವಿನಲ್ಲಿ ಬರೆದಿಟ್ಟ ಕಥೆಗಳು. ಕಾಡಿನ ರಾಜ ಪಿಂಗಳಕ, ಅವನ ಸ್ನೇಹಕ್ಕೆ ಬೀಳುವ ಎತ್ತು ಸಂಜೀವಕ, ಆ ಸ್ನೇಹವನ್ನು ಕೆಡಿಸಲು ಹೊರಡುವ ದಮನಕ, ನಮಗ್ಯಾಕೆ ಇಲ್ಲದ ಉಸಾಬರಿ ಎನ್ನುವ ಕರಟಕ. ದಮನಕ, ಕರಟಕ ಇಬ್ಬರೂ ನರಿಗಳು. ಒಂದೇ ಜಾತಿಯ ಎರಡು ಪ್ರಾಣಿಗಳು ಪುಟದ ತುಂಬ ಪಿಸುಪಿಸು ಮಾತಾಡುತ್ತಿದ್ದರೆ, ಕಪ್ಪು-ಬಿಳುಪಿನಲ್ಲಿ ಯಾರು ಯಾರು ಅಂತ ಮಗುವಿಗೆ ಗೊತ್ತಾಗುವುದು ಹೇಗೆ? ಸಂಪಾದಕರು ಕನ್ನಡಕದ ಮೇಲಿಂದ ನೋಡಿ, "ಅದಕ್ಕೇನ್ರೀ, ಒಂದಕ್ಕೆ ಪೇಟ ಹಾಕಿ, ಇನ್ನೊಂದಕ್ಕೆ ಟೋಪಿ ಹಾಕಿ, ಮುಗೀತು" ಅಂದರು.

ಹಾಕಿದೆ. ದಮನಕನಿಗೆ ಮೈಸೂರು ಪೇಟ, ಕರಿ ಕೋಟು, ಕಚ್ಚೆ ಪಂಚೆ. ಇಲ್ಲಿ ಒಂದು ಸಣ್ಣ ಸಂಗತಿ ಹೇಳಲೇಬೇಕು, ಈ ಕಸುಬಿನವರಿಗೆ ಬಿಟ್ಟರೆ ಬೇರೆ ಯಾರಿಗೂ ಇದು ಸಮಸ್ಯೆಯೇ ಅಲ್ಲ: ಬಟ್ಟೆ ತೊಡಿಸಿದ ಪ್ರಾಣಿಯ ಬಾಲ ಎಲ್ಲಿಂದ ಹೊರಗೆ ಬರಬೇಕು? ಪ್ಯಾಂಟಿಗಾದರೆ ತೂತು ಮಾಡಬೇಕು, ನೋಡಿದರೆ ಹರಿದ ಪ್ಯಾಂಟಿನಂತೆ ಕಾಣುತ್ತದೆ. ಲುಂಗಿಯ ಕೆಳಗಿಂದ ಇಳಿಬಿಟ್ಟರೆ ಬಾಲಕ್ಕೆ ಜೀವವೇ ಇರುವುದಿಲ್ಲ. ಕಚ್ಚೆ ಪಂಚೆ ಮಾತ್ರ ಈ ಕೆಲಸಕ್ಕೆಂದೇ ಹುಟ್ಟಿದ ಹಾಗಿದೆ. ಹಿಂದೆ ಸೊಂಟಕ್ಕೆ ಸಿಕ್ಕಿಸಿದ ನೆರಿಗೆಯ ಮಗ್ಗುಲಲ್ಲೇ ಬಾಲ ಠೀವಿಯಿಂದ ಮೇಲೇಳುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಅದನ್ನು ಕಂಡುಕೊಂಡ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ತೊಂದರೆ ಶುರುವಾದದ್ದು ಬಾಲದಿಂದಲ್ಲ, ಪೇಟದಿಂದ. ಚಿತ್ರ ಮೇಜಿನ ಮೇಲಿತ್ತು. ಕರಡು ತಿದ್ದುವ ಹಿರಿಯರು ನೋಡಿ, "ಇದು ನಮ್ಮೂರ ಶಾನುಭೋಗರಲ್ವೇನಯ್ಯಾ!" ಅಂದರು. ಪುಟ ಕಟ್ಟುವ ಹುಡುಗ ಬಂದು ನೋಡಿ ಇನ್ನು ಯಾವುದೋ ಮೇಷ್ಟ್ರ ಹೆಸರು ಹೇಳಿ ನಕ್ಕ. ಜಾಹೀರಾತು ತರುತ್ತಿದ್ದವರು, "ಹಣೆ ಮೇಲೊಂದು ನಾಮ ಎಳೆದುಬಿಡಿ ಸಾರ್, ಕಳೆ ಬರುತ್ತೆ" ಅಂದರು. ಸಂಪಾದಕರ ಮುಖ ಗಂಭೀರವಾಯಿತು. ನಾಮವೂ ಬೇಡ, ವಿಭೂತಿಯೂ ಬೇಡ, ಆ ಕೋಟನ್ನೂ ಬಿಚ್ಚಿಬಿಡಿ ಅಂದರು.

ಅವರ ಗಾಬರಿ ಸರಿಯಾಗಿಯೇ ಇತ್ತು. ಬರಿಮೈಯಲ್ಲಿರುವ ನರಿ ಎಲ್ಲ ಊರಿನ ನರಿ. ನಮ್ಮ ಕಡೆ ಅದಕ್ಕೊಂದು ಬಟ್ಟೆ ಉಡಿಸಿದಿರೋ, ಆ ಕ್ಷಣ ಅದಕ್ಕೆ ಊರು, ಕೇರಿ, ಜಾತಿ, ಸಂಬಳ ಎಲ್ಲವೂ ಬಂದುಬಿಡುತ್ತವೆ. ಪಂಚೆ ಉಟ್ಟ ರೀತಿ ನೋಡಿ ಹೇಳುವವರಿದ್ದಾರೆ, ತಲೆಗೆ ಸುತ್ತಿದ ವಸ್ತ್ರ ನೋಡಿ ಹೇಳುವವರಿದ್ದಾರೆ. ಸಿಂಹಕ್ಕೆ ಕಿರೀಟ ಇಟ್ಟರೆ ಯಾರೂ ಏನೂ ಅನ್ನುವುದಿಲ್ಲ, ಕಿರೀಟ ಇಟ್ಟುಕೊಂಡವರು ಈಗ ನೆರೆಮನೆಯಲ್ಲಿಲ್ಲ. ಮೋಸ ಮಾಡುವ ಪಾತ್ರಕ್ಕೆ ಯಾರ ಬಟ್ಟೆ, ಮೋಸ ಹೋಗುವ ಪಾತ್ರಕ್ಕೆ ಯಾರ ಬಟ್ಟೆ ಎಂದು ಕೂತು ಲೆಕ್ಕ ಹಾಕಿದರೆ ಮಕ್ಕಳ ಪುಸ್ತಕಗಳ ಎಷ್ಟೋ ಮುದ್ದು ಚಿತ್ರಗಳು ಅಷ್ಟೇನೂ ಮುದ್ದಾಗಿ ಉಳಿಯುವುದಿಲ್ಲ. ಇದನ್ನು ನನಗೆ ಯಾವ ಪಾಠದಲ್ಲೂ ಹೇಳಿಕೊಟ್ಟಿರಲಿಲ್ಲ. ಆ ಕಚೇರಿಯ ಜೋರು ನಗೆಯೇ ಹೇಳಿಕೊಟ್ಟಿತು.

ಕೊನೆಗೆ ದಮನಕನ ಮೈಮೇಲೆ ಉಳಿಸಿದ್ದು ಒಂದು ಶಲ್ಯ ಮಾತ್ರ. ಅದೂ ಅಲಂಕಾರಕ್ಕಲ್ಲ. ಮಾತಾಡುವಾಗ ಅದನ್ನು ಹೆಗಲ ಮೇಲೆ ಸರಿಪಡಿಸಿಕೊಳ್ಳಬಹುದು, ಸುಳ್ಳು ಹೇಳುವಾಗ ಅದರ ಅಂಚನ್ನು ಬಾಯಿಗೆ ಅಡ್ಡ ಹಿಡಿಯಬಹುದು, ರಾಜನ ಮುಂದೆ ಸೊಂಟಕ್ಕೆ ಸುತ್ತಿಕೊಂಡು ಬಗ್ಗಬಹುದು. ಒಂದು ತುಂಡು ಬಟ್ಟೆಯಿಂದ ಅವನಿಗೆ ಎರಡು ಕೈ ಬಂದವು. ಕರಟಕನಿಗೆ ಏನೂ ಬೇಕಾಗಲಿಲ್ಲ. ಅವನನ್ನು ದಪ್ಪ ಮಾಡಿ, ಒಂದು ಕಿವಿಯ ತುದಿ ಹರಿದು, ಯಾವಾಗಲೂ ನಾಲ್ಕು ಕಾಲ ಮೇಲೋ ಹೊಟ್ಟೆಯ ಮೇಲೋ ಇರುವಂತೆ ಬರೆದೆ. ಹಂಚಿಕೆ ಹೂಡುವವನು ಎದ್ದು ನಿಲ್ಲುತ್ತಾನೆ, ಬೇಡ ಎನ್ನುವವನು ಮಲಗಿಯೇ ಇರುತ್ತಾನೆ. ಮಕ್ಕಳಿಗೆ ಎಂದೂ ಗೊಂದಲವಾಗಲಿಲ್ಲ.

ಈ ಲೆಕ್ಕಾಚಾರವನ್ನು ನನಗಿಂತ ಬಹಳ ಮುಂಚೆ, ಬಹಳ ಚೆನ್ನಾಗಿ ಮಾಡಿದವಳು ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಎಂಬುದು ಆಮೇಲೆ ತಿಳಿಯಿತು. 1902ರಲ್ಲಿ ಬಂದ ಅವಳ ಪೀಟರ್ ಮೊಲ ನೀಲಿ ಕೋಟು, ಪುಟ್ಟ ಬೂಟು ಹಾಕಿಕೊಂಡು ಎರಡು ಕಾಲ ಮೇಲೆ ತೋಟಕ್ಕೆ ನುಗ್ಗುತ್ತಾನೆ. ತೋಟದ ಯಜಮಾನ ಅಟ್ಟಿಸಿಕೊಂಡು ಬಂದಾಗ ಮೊದಲು ಬೂಟು ಕಳಚಿಹೋಗುತ್ತವೆ. ಕಳಚಿದ್ದೇ ತಡ, ನಾಲ್ಕು ಕಾಲಲ್ಲಿ ಓಡುತ್ತಾನೆ, ಇನ್ನೂ ಜೋರಾಗಿ ಓಡುತ್ತಾನೆ. ಆಮೇಲೆ ಕೋಟಿನ ದೊಡ್ಡ ಗುಂಡಿಗಳು ಬಲೆಗೆ ಸಿಕ್ಕಿಕೊಳ್ಳುತ್ತವೆ. ಕೋಟನ್ನೂ ಬಿಟ್ಟು ಹಾರಿದಾಗ ಉಳಿಯುವುದು ಪ್ರಾಣ ಕೈಯಲ್ಲಿ ಹಿಡಿದ ಒಂದು ನಿಜವಾದ ಮೊಲ. ಅಲ್ಲಿ ಬಟ್ಟೆ ಎಂದರೆ ಅವನ ತುಂಟತನ. ಭಯ ಬಂದಾಗ ಅದು ಉದುರುತ್ತದೆ. ಪಾಟರ್ ಮೊಲಗಳನ್ನು ಸಾಕಿ, ವರ್ಷಗಟ್ಟಲೆ ನೋಡಿ ಬರೆದವಳು. ಕೋಟಿನ ಒಳಗಿರುವ ಬೆನ್ನು ಮೊಲದ ಬೆನ್ನೇ ಎಂಬುದು ನೋಡಿದವರಿಗೆ ಗೊತ್ತಾಗುತ್ತದೆ.

ಅಮೆರಿಕದ ಮಿಕ್ಕಿ ಇಲಿಯ ದಾರಿಯೇ ಬೇರೆ. ಅವನು 1928ರಲ್ಲಿ ತೆರೆಗೆ ಬಂದಾಗ ಕೈಗವಸು ಇರಲಿಲ್ಲ. ಕಪ್ಪು ಮೈಯ ಮುಂದೆ ಕಪ್ಪು ಕೈ ಬಂದರೆ ಏನು ಮಾಡುತ್ತಿದ್ದಾನೆಂದೇ ಕಾಣದು. ಮರುವರ್ಷ ಬಿಳಿ ಗವಸು ಬಂತು. ಅವನ ತಲೆ, ಕಣ್ಣು ದಶಕದಿಂದ ದಶಕಕ್ಕೆ ದೊಡ್ಡದಾಗುತ್ತಾ ಹೋದದ್ದನ್ನು ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅಳೆದು ಬರೆದಿದ್ದಾರೆ: ವಯಸ್ಸಾದಂತೆ ಮಿಕ್ಕಿ ಎಳೆಯನಾದ. ದೊಡ್ಡ ತಲೆ, ಮುಖದಲ್ಲಿ ಕೆಳಗೆ ಕೂತ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ ಕಂಡರೆ ನಮಗೆ ಎತ್ತಿಕೊಳ್ಳಬೇಕು ಅನ್ನಿಸುತ್ತದೆ ಎಂದು ಕೊನ್ರಾಡ್ ಲೊರೆಂಟ್ಸ್ ಹೇಳಿದ್ದ ಮಾತಿಗೆ ಮಿಕ್ಕಿಯೇ ಸಾಕ್ಷಿ. ನಮ್ಮ ಸಂಪಾದಕರು ಲೊರೆಂಟ್ಸ್‌ನನ್ನು ಓದಿದವರಲ್ಲ, ಆದರೂ ಪ್ರತಿ ತಿಂಗಳು "ಇನ್ನೂ ಸ್ವಲ್ಪ ಮುದ್ದಾಗಿ ಬರಲಿ" ಅನ್ನುತ್ತಿದ್ದರು. ಇಲಿಗೆ, ಅಳಿಲಿಗೆ ಸರಿ. ಎಲ್ಲವನ್ನೂ ಮಗು ಮಾಡಿಬಿಟ್ಟರೆ ಕಾಡಿನಲ್ಲಿ ಹೆದರಿಸುವವರು ಯಾರು?

ಕಣ್ಣಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮನುಷ್ಯನ ಕಣ್ಣಲ್ಲಿ ಬಿಳಿ ಭಾಗ ಎದ್ದು ಕಾಣುತ್ತದೆ, ಅದಕ್ಕೇ ಅವನು ಯಾರನ್ನು ನೋಡುತ್ತಿದ್ದಾನೆ ಎಂದು ದೂರದಿಂದಲೇ ತಿಳಿಯುತ್ತದೆ. ಹೆಚ್ಚಿನ ಪ್ರಾಣಿಗಳಲ್ಲಿ ಆ ಬಿಳಿ ಮರೆಯಲ್ಲಿರುತ್ತದೆ. ಹಸು ಬೆದರಿದಾಗ ಮಾತ್ರ ಅಂಚಿನಲ್ಲಿ ಇಣುಕುತ್ತದೆ. ಚಿತ್ರದ ನರಿಯ ಕಣ್ಣಿಗೆ ಒಂದಿಷ್ಟು ಬಿಳಿ ಬಿಟ್ಟು ಪಾಪೆಯನ್ನು ಮೂಲೆಗೆ ಸರಿಸಿ ನೋಡಿ, ಅದು ಆಗಲೇ ಏನೋ ಯೋಚಿಸುತ್ತಿದೆ ಅನ್ನಿಸುತ್ತದೆ. ಹುಬ್ಬು ಬೇಕಾಗುವುದೇ ಇಲ್ಲ. ಹುಬ್ಬಿನ ಕೆಲಸವನ್ನು ಕಿವಿ ಮಾಡುತ್ತದೆ. ನಾನು ಮಾತ್ರ ನಾಯಿಗೆ ಯಾವಾಗಲೂ ಹುಬ್ಬು ಕೊಡುತ್ತಿದ್ದೆ, ನರಿಗೆ ಕೊಡುತ್ತಿರಲಿಲ್ಲ. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. 2019ರಲ್ಲಿ ಬಂದ ಒಂದು ಅಧ್ಯಯನದ ಸುದ್ದಿ ಓದಿದಾಗ ನಗು ಬಂತು. ಒಳಹುಬ್ಬನ್ನು ಮೇಲೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆಯಂತೆ, ತೋಳಗಳಲ್ಲಿ ಅದು ಹೆಸರಿಗಷ್ಟೇ. ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳ್ವೆ ಮಾಡಿ ನಾಯಿ ತಾನೇ ತನ್ನ ಮುಖಕ್ಕೆ ಒಂದಿಷ್ಟು ಮನುಷ್ಯನನ್ನು ಬರೆದುಕೊಂಡಿದೆ.

ಮೈಸೂರಿನಲ್ಲಿ ಕಲಿಯುವಾಗ ನಮ್ಮ ಮೇಷ್ಟ್ರೊಬ್ಬರು ಮಂಗಳವಾರ ಬಿಟ್ಟು ಯಾವ ದಿನ ಬೇಕಾದರೂ ಮೃಗಾಲಯಕ್ಕೆ ಓಡಿಸುತ್ತಿದ್ದರು. ಮಂಗಳವಾರ ಮೃಗಾಲಯಕ್ಕೆ ರಜೆ. 1892ರ ಹಳೆಯ ಮೃಗಾಲಯ ಅದು, ಒಳ್ಳೆ ನೆರಳು. "ಹುಲಿ ಏನು ಮಾಡುತ್ತೆ ಅಂತ ಎಲ್ಲರೂ ನೋಡ್ತಾರೆ. ಏನು ಮಾಡಲ್ಲ ಅಂತ ನೋಡ್ಕೊಂಡು ಬಾ" ಅನ್ನುತ್ತಿದ್ದರು. ದಸರೆಯಲ್ಲಿ ಹುಲಿವೇಷದ ತಂಡ ಬಂದಾಗಲೂ ಅದೇ ಪಾಠ. ಹಳದಿ ಬಣ್ಣ, ಕರಿ ಪಟ್ಟೆ ಎಲ್ಲರ ಮೈಮೇಲೂ ಇರುತ್ತಿತ್ತು; ಅಷ್ಟು ಜನರಲ್ಲಿ ಒಬ್ಬನ ಭುಜ ಮಾತ್ರ ಹುಲಿಯಂತೆ ಒಂದಾದ ಮೇಲೊಂದು ಉರುಳುತ್ತಿತ್ತು. ಅವನ ಬಣ್ಣ ಬೆವರಿಗೆ ಇಳಿದುಹೋಗಿದ್ದರೂ ಜನ ಅವನನ್ನೇ ನೋಡುತ್ತಿದ್ದರು.

ಅದೇ ಮೇಷ್ಟ್ರು ಬಾದಾಮಿಯ ಮೂರನೇ ಗುಹೆಯಲ್ಲಿ ನಮ್ಮನ್ನೆಲ್ಲ ನರಸಿಂಹನ ಎದುರು ನಿಲ್ಲಿಸಿ, "ಕುತ್ತಿಗೆ ನೋಡ್ರೋ, ಕುತ್ತಿಗೆ!" ಅಂದದ್ದು ಇನ್ನೂ ಕಿವಿಯಲ್ಲಿದೆ. ಕ್ರಿ.ಶ. 578ರ ಕೆಲಸ. ಪ್ರಾಣಿಯ ತಲೆ, ಮನುಷ್ಯನ ಮೈ ಎರಡೂ ಸೇರುವ ಜಾಗದಲ್ಲೇ ಕಸುಬುದಾರ ಸಿಕ್ಕಿಬೀಳುವುದು. ಅಲ್ಲಿಯ ಶಿಲ್ಪಿ ಸಿಕ್ಕಿಬಿದ್ದಿಲ್ಲ. ಕೇಸರ ಹೆಗಲ ಮೇಲೆ ಇಳಿಯುತ್ತದೆ, ಅದರ ಕೆಳಗೆ ಹಾರ. ಸಿಂಹ ಎಲ್ಲಿ ಮುಗಿಯಿತು, ನರ ಎಲ್ಲಿ ಶುರುವಾದ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಹೊಟ್ಟೆ ಬಗೆಯುವ ಉಗ್ರ ಅಲ್ಲ ಅವನು, ಆರಾಮಾಗಿ ನಿಂತಿದ್ದಾನೆ. ಅದೇ ಗುಹೆಯ ವರಾಹನಿಗೆ ಕೇಸರದ ಅನುಕೂಲವಿಲ್ಲ. ಆದರೆ ಹಂದಿಗೆ ಕುತ್ತಿಗೆಯೇ ಇಲ್ಲದಷ್ಟು ದಪ್ಪ ಹೆಗಲು. ಶಿಲ್ಪಿ ಅದನ್ನೇ ಬಳಸಿಕೊಂಡ, ಭೂದೇವಿಯನ್ನು ಎತ್ತಿ ನಿಂತವನಿಗೆ ಆ ಹೆಗಲು ಬೇಕೇ ಬೇಕಾಗಿತ್ತು. ನಾನು ಆಮೇಲೆ ಬರೆದ ಕರಡಿ, ಮೊಲ, ಕೋತಿಗಳ ಕೊರಳಿಗೆಲ್ಲ ಯಾಕೆ ಒಂದು ವಸ್ತ್ರ ಸುತ್ತಿರುತ್ತಿತ್ತು ಎಂದು ಯಾರಾದರೂ ಕೇಳಿದರೆ ಬಾದಾಮಿಯ ದಾರಿ ತೋರಿಸಬಹುದು.

ಏನನ್ನೂ ತೊಡಿಸದೆ ಗೆದ್ದವರೂ ಇದ್ದಾರೆ. ಮೈಸೂರಿನಲ್ಲೇ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಬದುಕಿನುದ್ದಕ್ಕೂ ಕಾಗೆ ಬರೆದರು. ಅವರ ಕಾಗೆಗೆ ಕನ್ನಡಕವಿಲ್ಲ, ಕೋಟಿಲ್ಲ. ಕತ್ತು ಓರೆ ಮಾಡುವುದು, ಒಂದು ಹೆಜ್ಜೆ ಪಕ್ಕಕ್ಕೆ ಕುಪ್ಪಳಿಸುವುದು, ಅಷ್ಟರಲ್ಲೇ ವಿಧಾನಸೌಧದ ಕಾರಿಡಾರಿನಲ್ಲಿ ಕಂಡವರ ನೆನಪು ಬರುತ್ತದೆ. ಅವರ ಮಂತ್ರಿಗಳಿಗಿಂತ ಆ ಕಾಗೆಗಳೇ ಹೆಚ್ಚು ಮನುಷ್ಯರು ಎಂಬುದು ನನ್ನ ಖಾಸಗಿ ಅಭಿಪ್ರಾಯ.

ಪತ್ರಿಕೆಗೆ ಮಕ್ಕಳಿಂದ ಕಾರ್ಡುಗಳು ಬರುತ್ತಿದ್ದವು. ಮಲೆನಾಡಿನ ಕಡೆಯ ಒಬ್ಬ ಹುಡುಗಿ ಬರೆದಿದ್ದಳು: ಇಲಿಗೆ ಚಡ್ಡಿ ಹಾಕಿದ್ದೀರಿ, ಕೋತಿಗೆ ಅಂಗಿ ಹಾಕಿದ್ದೀರಿ, ಹಸುವಿಗೆ ಯಾಕೆ ಏನೂ ಹಾಕಿಲ್ಲ? ಕಚೇರಿಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಹಸುವಿಗೆ ಸೀರೆ ಉಡಿಸಿ ಎರಡು ಕಾಲ ಮೇಲೆ ನಿಲ್ಲಿಸಲು ನನ್ನ ಕೈ ಬರುವುದಿಲ್ಲ, ಅದು ನನಗೆ ಗೊತ್ತಿತ್ತು. ಹಾಲು ಕರೆಯುವ, ಮೇವು ಹಾಕುವ, ಹೆಸರಿಟ್ಟು ಕರೆಯುವ ಪ್ರಾಣಿಗೆ ಮನೆಯಲ್ಲಿ ಆಗಲೇ ಒಂದು ಸ್ಥಾನವಿದೆ. ಬಟ್ಟೆ ಹಾಕಿ ಅದನ್ನು ಮನುಷ್ಯಳನ್ನಾಗಿ ಮಾಡಬೇಕಾಗಿಲ್ಲ. ಇಲಿಗೆ ಆ ಮರ್ಯಾದೆ ಇಲ್ಲ, ಪಾಪ, ಚಡ್ಡಿಯಾದರೂ ಇರಲಿ.

ಆ ಕಾರ್ಡು ಬಂದದ್ದೇ ಗೋವಿನ ಹಾಡನ್ನು ವಿಶೇಷ ಸಂಚಿಕೆಗೆ ಚಿತ್ರಿಸಬೇಕಾಗಿದ್ದ ತಿಂಗಳು. ಕನ್ನಡದ ಮಗುವಿಗೆ ಪುಣ್ಯಕೋಟಿಯನ್ನು ಹೊಸದಾಗಿ ಪರಿಚಯ ಮಾಡಿಸಬೇಕಾದ್ದೇನೂ ಇಲ್ಲ, ಅದೇ ಕಷ್ಟ. ಎಲ್ಲರ ತಲೆಯಲ್ಲೂ ಒಬ್ಬೊಬ್ಬ ಪುಣ್ಯಕೋಟಿ ಇದ್ದಾಳೆ. ಹಸುವಿನ ಕಣ್ಣು ತಲೆಯ ಅಕ್ಕಪಕ್ಕದಲ್ಲಿ, ಪಾಪೆ ಅಡ್ಡಡ್ಡ. ಎದುರಿನಿಂದ ಬರೆದರೆ ಎರಡು ಕಣ್ಣೂ ಓಡಿಹೋದಂತೆ ಕಾಣುತ್ತವೆ, ಪಕ್ಕದಿಂದ ಬರೆದರೆ ಒಂದೇ ಕಣ್ಣು. ಮುಕ್ಕಾಲು ಮುಖ ತಿರುಗಿಸಿ, ಉದ್ದ ರೆಪ್ಪೆ ಇಳಿಸಿ, ಕರುವಿನ ಬೆನ್ನ ಮೇಲೆ ಗದ್ದ ಊರಿಸಿದೆ. ಕಣ್ಣೀರು ಬರೆಯಲಿಲ್ಲ. ಅಲ್ಲಿಗೆ ಆಕೆಯ ಕೆಲಸ ಮುಗಿಯಿತು. ಆಕೆಗೆ ಯಾವ ಸಂಶಯವೂ ಇಲ್ಲ, ಸಂಶಯವಿಲ್ಲದವರನ್ನು ಬರೆಯುವುದು ಹಗುರ.

ಹುಲಿ ಹಾಗಲ್ಲ. ಕಥೆಯಲ್ಲಿ ಬದಲಾಗುವವನು ಅವನೊಬ್ಬನೇ. ಹಸಿದು ಕಾದವನು, ನಂಬದೆ ನಂಬಿ ಕಳಿಸಿದವನು, ಹೇಳಿದಂತೆ ಬಂದು ನಿಂತವಳನ್ನು ಕಂಡು ನಾಚಿ ಪ್ರಾಣ ಬಿಡುವವನು. ನಾಚಿದ ಹುಲಿಯನ್ನು ಬರೆಯುವುದು ಹೇಗೆ? ಮನುಷ್ಯ ನಾಚಿದರೆ ತಲೆ ತಗ್ಗಿಸುತ್ತಾನೆ. ಹುಲಿಯ ತಲೆ ತಗ್ಗಿಸಿ ನೋಡಿ: ಹೆಗಲ ಮೂಳೆಗಳು ಬೆನ್ನಿಗಿಂತ ಮೇಲೆ ಏಳುತ್ತವೆ, ಕತ್ತು ಮುಂದಕ್ಕೆ ಚಾಚುತ್ತದೆ, ಥೇಟ್ ಹೊಂಚು ಹಾಕುವ ಹುಲಿ. ಪಶ್ಚಾತ್ತಾಪ ಎಂದು ನಾನು ಬರೆದದ್ದು ಪುಟದ ಮೇಲೆ ಬೇಟೆಯಾಗಿ ಕಾಣುತ್ತಿತ್ತು. ಹಸು ಎದುರಿಗೇ ಇದೆ, ಬೇರೆ. ಕಿವಿ ಹಿಂದಕ್ಕೆ ಒತ್ತಿದರೆ ಸಿಟ್ಟು. ಕಿವಿ ತಿರುಗಿಸಿದರೆ ಹಿಂಬದಿಯ ಬಿಳಿ ಮಚ್ಚೆ ಮುಂದೆ ಬಂದು ಇನ್ನೂ ಸಿಟ್ಟು. ಹುಬ್ಬು ಇಳಿಸಿದರೆ ಯಕ್ಷಗಾನ. ಕೈಮುಗಿಸುವುದೊಂದು ಬಾಕಿ ಇತ್ತು, ಕ್ಯಾಲೆಂಡರಿನವರು ಅದನ್ನೂ ಮಾಡಿದ್ದಾರೆ.

ಒಂದು ವಾರಾಂತ್ಯ ಮೈಸೂರಿಗೆ ಹೋದೆ. ಊಟವಾದ ಮೇಲಿನ ಹೊತ್ತು, ಹುಲಿ ಹೊಟ್ಟೆ ತುಂಬಿ ಕೂತಿತ್ತು. ಜಾಲರಿಗೆ ಮುಖ ಅಂಟಿಸಿದ್ದ ಒಂದಿಷ್ಟು ಜನ ಶಿಳ್ಳೆ ಹಾಕಿ ಕೂಗಿದರು. ಅದು ಅವರನ್ನು ಒಮ್ಮೆ ನೋಡಿತು. ಆಮೇಲೆ ಮುಂಗಾಲೆರಡನ್ನೂ ಒಟ್ಟಿಗೆ ತಂದುಕೊಂಡು, ಮೈಯನ್ನು ಹಾಗೇ ಬಿಟ್ಟು, ತಲೆಯನ್ನಷ್ಟೇ ಪಕ್ಕಕ್ಕೆ ತಿರುಗಿಸಿತು. ಯಾವುದನ್ನೂ ನೋಡಲು ತಿರುಗಿದ್ದಲ್ಲ. ಅತ್ತ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಕಿವಿಗಳು ಎರಡು ಪಕ್ಕಕ್ಕೆ ಸಡಿಲವಾಗಿ ಇಳಿದವು. ಅದರ ಮನಸ್ಸಿನಲ್ಲಿ ಏನಿತ್ತೋ, ಬೇಸರವೋ ನಿದ್ದೆಯೋ. ನನಗೆ ಬೇಕಾದದ್ದು ಸಿಕ್ಕಿತ್ತು. ಏನು ಮಾಡುವುದಿಲ್ಲ ಎಂದು ನೋಡಬೇಕಾದ್ದು ಇದನ್ನೇ: ಅದು ಎದುರಿಗಿದ್ದವರನ್ನು ನೋಡಲಿಲ್ಲ.

ಹುಲಿಯನ್ನು ಹಾಗೇ ಕೂರಿಸಿ ಬರೆದೆ. ಬಾಯಿ ಮುಚ್ಚಿದೆ, ಒಂದು ಹಲ್ಲೂ ಕಾಣದ ಹಾಗೆ. ಉಗುರು ಪಂಜದೊಳಗೆ. ಹಸು ಅವನನ್ನೇ ನೋಡುತ್ತಿದೆ, ಅವನು ಪುಟದ ಆಚೆ ಅಂಚಿನ ಕಡೆ ನೋಡುತ್ತಿದ್ದಾನೆ. ನಾನು ಸೇರಿಸಿದ ಮನುಷ್ಯನ ಅಂಶ ಒಂದೇ, ಕಣ್ಣಿನ ಮೂಲೆಯಲ್ಲಿ ನಿಬ್ಬಿನ ತುದಿಯಷ್ಟು ಬಿಳಿ. ಕುಗ್ಗಿಸುವಾಗ ಅದು ಮುಚ್ಚಿಹೋಗದಿರಲಿ ಎಂದು ಬಿಳಿ ಪೋಸ್ಟರ್ ಬಣ್ಣದಿಂದ ಕೊಂಚ ದೊಡ್ಡದು ಮಾಡಿದೆ.

ಸಂಪಾದಕರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಹುಲಿ ಥರಾನೇ ಇಲ್ವಲ್ರೀ" ಅಂದರು. ಎದೆ ಧಸಕ್ಕೆಂದಿತು. "ನಮ್ಮ ಮಾವನ ಥರಾ ಇದೆ. ಊರಿಗೆ ಹೋದಾಗೆಲ್ಲ ಜಗಲಿ ಮೇಲೆ ಹೀಗೇ ಕೂತಿರ್ತಾರೆ, ಮುಖ ಆ ಕಡೆ ಮಾಡ್ಕೊಂಡು." ಹಿಂದೆ ಸಹಿ ಹಾಕಿ ಕ್ಯಾಮೆರಾಕ್ಕೆ ಕಳಿಸಿದರು. ಮಾವ ಯಾರಿಗೆ ಏನು ಮಾಡಿದ್ದರೋ, ನಾನು ಕೇಳಲಿಲ್ಲ.